ಡಿಸ್ಕ್ ಒಂದು ಸುತ್ತು ತಿರುಗುವಷ್ಟರಲ್ಲಿ!

ಒಂದು ಪಂದ್ಯ ಕಟ್ಟೋಣ, ಬನ್ನಿ!

ಮೂಡಲಗಿ ಸೀಮೆಯ ನಾಗನೂರ. ಕಬ್ಬಿನ ಹೊಲದ ಉತಾರ ಬೇಕು (ಬೆಂಗಳೂರಿನವರ ಬಾಯಲ್ಲಿ ಅದು ಪಹಣಿ). ಕಂಪ್ಯೂಟರ್ ಇಲ್ಲಿದೆ. ದಾಖಲೆ ಕೂತ ಡಿಸ್ಕ್ ಬೆಂಗಳೂರಿನಲ್ಲಿದೆ ಅಂದುಕೊಳ್ಳಿ. ನಡುವೆ 550 ಕಿ.ಮೀ. ಉದ್ದದ ಗಾಜಿನ ಎಳೆ!

ಆ ಡಿಸ್ಕ್ ನಿಮಿಷಕ್ಕೆ 7,200 ಸುತ್ತು ಗಿರಗಿರ ತಿರುಗುತ್ತಿದೆ. ನಾಗನೂರಿನಿಂದ ಹೊರಟ ಬೆಳಕು ಬೆಂಗಳೂರು ಮುಟ್ಟಿ ವಾಪಸ್ ಬರುವುದರೊಳಗೆ ಅದು ಎಷ್ಟು ಸುತ್ತು ಹಾಕಿರುತ್ತದೆ? ನೂರು? ಹತ್ತು?

ತಡೀರಿ, ಉತ್ತರ ಆಮೇಲೆ! ಮೊದಲು, ಅಷ್ಟು ದೂರದ ಡಿಸ್ಕಿಗೆ ಮಾತು ಮುಟ್ಟುವುದು ಹೇಗೆ ನೋಡೋಣ.

ಕಂಪ್ಯೂಟರು ಡಿಸ್ಕಿನ ಜೊತೆ ಮಾತಾಡುವ ಒಂದು ಭಾಷೆಯಿದೆ. ಹೆಸರು ಸ್ಕಸಿ. 1986ರಲ್ಲಿ ಅಮೆರಿಕದಲ್ಲಿ ಮಾನಕವಾಯಿತು. ‘ಓದು’, ‘ಬರೆ’ ಎಂಬಂಥ ಅಪ್ಪಣೆಗಳು, ಅಷ್ಟೇ. ಆಗ ಅದರ ಸಾಮಾನ್ಯ ಕೇಬಲ್ ಎಷ್ಟು ದೂರ ಹೋಗುತ್ತಿತ್ತು ಗೊತ್ತೇ? 6 ಮೀಟರ್! ಎತ್ತು ಹೂಡಿದ ಒಂದು ಚಕ್ಕಡಿಯಷ್ಟು!

ಆಮೇಲೆ ಐಬಿಎಂ ಮತ್ತು ಸಿಸ್ಕೊ ಸೇರಿ ಒಂದು ಚಮತ್ಕಾರ ಮುಂದಿಟ್ಟವು. ಆ ಹಳೆಯ ಮಾತನ್ನೇ ಇಂಟರ್‌ನೆಟ್ಟಿನ ಲಕೋಟೆಯೊಳಗೆ ಹಾಕಿ ಕಳಿಸಿದರೆ? ಅದೇ ಐಸ್ಕಸಿ! 2004ರ ಏಪ್ರಿಲ್‌ನಲ್ಲಿ ಆರ್‌ಎಫ್‌ಸಿ 3720 ಎಂಬ ಇಂಟರ್‌ನೆಟ್ ಮಾನಕವಾಗಿ ಅದನ್ನು ಲೋಕಕ್ಕೆಲ್ಲ ತೆರೆದಿಟ್ಟರು. ಡಿಸ್ಕ್ ಇರುವುದು ಎಲ್ಲೋ. ಕಂಪ್ಯೂಟರಿಗೆ ಮಾತ್ರ ಅದು ತನ್ನ ಹೊಟ್ಟೆಯಲ್ಲೇ ಇದೆ ಎಂಬ ಭ್ರಮೆ!

ಆದರೆ ಬೇರೆ ಬೇರೆ ಕಂಪನಿಗಳ ಯಂತ್ರಗಳಿಗೆ ಈ ಮಾತು ಒಂದೇ ರೀತಿ ಅರ್ಥವಾಗಬೇಕಲ್ಲ? ನನಗೆ ಇನ್ನೂ ಹೆಚ್ಚು ರೋಮಾಂಚನ ತರುವುದು ಅದನ್ನು ಪರೀಕ್ಷಿಸುವ ಬಗೆ. ಪ್ಲಗ್‌ಫೆಸ್ಟ್! ಹೆಸರು ಕೇಳಿದ್ದೀರಾ? ಮಾರುಕಟ್ಟೆಯಲ್ಲಿ ಹಾವು ಮುಂಗುಸಿಯಂತಿರುವ ಕಂಪನಿಗಳ ಎಂಜಿನಿಯರುಗಳು ತಂತಮ್ಮ ಯಂತ್ರ ಹೊತ್ತು ತಂದು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಇವರ ತಂತಿ ಅವರ ಪೆಟ್ಟಿಗೆಗೆ! ಮಾತು ಎಲ್ಲಿ ತಪ್ಪುತ್ತದೆಂದು ಹುಡುಕುವುದೇ ಅಲ್ಲಿಯ ಕೆಲಸ. ತಪ್ಪು ಸಿಕ್ಕರೆ ಹಬ್ಬ! ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಒಂದು ಪ್ರಯೋಗಾಲಯವಿದೆ, 1988ರಿಂದ! ದತ್ತಾಂಶ ಸಂಗ್ರಹದ ಕಂಪನಿಗಳ ಒಕ್ಕೂಟವೂ ಇದೆ: ಸ್ನಿಯಾ. ಹುಟ್ಟಿದ್ದು 1997ರಲ್ಲಿ. ಅದರ ಸಮ್ಮೇಳನ ನಮ್ಮ ಬೆಂಗಳೂರಿನಲ್ಲೂ ನಡೆದಿದೆ!

ಹಾಂ, ಪಂದ್ಯ! ಗಾಜಿನೊಳಗೆ ಬೆಳಕಿನ ಓಟ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗಿಬರುವ 1,100 ಕಿ.ಮೀ.ಗೆ ಬೇಕಾದದ್ದು ಐದೂವರೆ ಮಿಲಿಸೆಕೆಂಡು. ಡಿಸ್ಕಿನ ಒಂದು ಸುತ್ತಿಗೆ? 8.3!

ಒಂದು ಸುತ್ತೂ ಆಗಿಲ್ಲ! ಮುಕ್ಕಾಲು ಸುತ್ತೂ ಇಲ್ಲ! ದಾರಿಯ ಯಂತ್ರಗಳು ಚೂರು ಹೊತ್ತು ತಿನ್ನುತ್ತವೆ, ನಿಜ. ಬೆಳಕಿಗಂತೂ ಬೆಂಗಳೂರು ಪಕ್ಕದ ಓಣಿ.

ಮುಂದಿನ ಸಲ ಉತಾರ ತಡವಾದರೆ ಯಾರನ್ನಾದರೂ ಬೈಯಿರಿ, ದೂರವನ್ನು ಮಾತ್ರ ಬೈಯಬೇಡಿ!