ಜಹೀರಾಬಾದಿನ ಹೆಣ್ಣುಮಕ್ಕಳ ಜೋಳದ ರೇಷನ್

ಊರಲ್ಲಿ ಬಡವರು ಯಾರು? ಸರ್ಕಾರ ಇದಕ್ಕೆ ಅರ್ಜಿ, ಆದಾಯ ಪತ್ರ, ಕಾರ್ಡಿನ ಬಣ್ಣಗಳಲ್ಲಿ ಉತ್ತರ ಹುಡುಕುತ್ತದೆ. ಬೀದರ್ ಗಡಿ ದಾಟಿದರೆ ಸಿಗುವ ಜಹೀರಾಬಾದ್ ಸೀಮೆಯ ಹಳ್ಳಿಗಳಲ್ಲಿ 1990ರ ದಶಕದ ನಡುವೆ ಜನ ಅದೇ ಪ್ರಶ್ನೆಯ ಉತ್ತರವನ್ನು ನೆಲದ ಮೇಲೆ ಬರೆದರು. ರಂಗೋಲಿ ಪುಡಿಯಲ್ಲಿ ಓಣಿಗಳನ್ನು ಎಳೆದು, ಒಂದೊಂದೇ ಮನೆ ಗುರುತಿಸಿ, ಇವರಿಗೆ ಹೊಲ ಎಷ್ಟು, ದನಕರು ಎಷ್ಟು, ದುಡಿಯುವ ಕೈ ಎಷ್ಟು ಎಂದು ಎಲ್ಲರ ಎದುರಿಗೇ ಮಾತಾಡಿದರು. ನೆರೆಹೊರೆಯವರು ಸುತ್ತ ಕೂತಿರುವಾಗ ಇದ್ದದ್ದನ್ನು ಇಲ್ಲ ಎನ್ನುವುದು ಸುಲಭವಲ್ಲ. ತೀರಾ ಬಡವರೆಂದು ಊರೇ ಒಪ್ಪಿದ ಮನೆಗೆ ಹೆಚ್ಚು ಜೋಳ, ಕಡಿಮೆ ಬೆಲೆಗೆ. ಆ ಜೋಳ ಅದೇ ಊರಿನ ಹೊಲದಲ್ಲಿ ಬೆಳೆದದ್ದು.

ಇದನ್ನು ಕಟ್ಟಿದವರು ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳವರು. ಸುಮಾರು 75 ಹಳ್ಳಿಗಳ ಸುಮಾರು 5,000 ಹೆಣ್ಣುಮಕ್ಕಳು. ಬಹುಪಾಲು ದಲಿತರು, ತುಂಡು ಹೊಲದ ಒಡತಿಯರು. ಸಂಸ್ಥೆ ಶುರುವಾದದ್ದು 1983ರಲ್ಲಿ, ಜಹೀರಾಬಾದ್ ಪಕ್ಕದ ಪಸ್ತಾಪುರದಲ್ಲಿ. ಆಗ ಅದು ಆಂಧ್ರದ ಮೇದಕ್ ಜಿಲ್ಲೆ, ಈಗ ತೆಲಂಗಾಣದ ಸಂಗಾರೆಡ್ಡಿ. ಅದನ್ನು ಹುಟ್ಟುಹಾಕಿದವರ ಮುಂದಾಳು ಪಿ. ವಿ. ಸತೀಶ್ ನಮ್ಮ ಮೈಸೂರಿನಲ್ಲಿ ಹುಟ್ಟಿದವರು, ದೂರದರ್ಶನದ ನಿರ್ಮಾಪಕರಾಗಿದ್ದವರು. ಕ್ಯಾಮೆರಾ ಹಿಡಿದು ಹಳ್ಳಿ ನೋಡಿದ ಮನುಷ್ಯ ಕೊನೆಗೆ ಆ ಹಳ್ಳಿಗಳಿಗೇ ಬದುಕನ್ನು ಕೊಟ್ಟರು.

ಆ ಸೀಮೆಯ ಕಷ್ಟಕ್ಕೆ ಎರಡು ಮುಖಗಳಿದ್ದವು. ಭೂಸುಧಾರಣೆಯಲ್ಲಿ ಬಡವರಿಗೆ ಸಿಕ್ಕಿದ್ದು ಹೆಚ್ಚಾಗಿ ಕಲ್ಲು ತುಂಬಿದ, ಮಣ್ಣು ತೆಳುವಾದ ಕೆಂಪು ಹೊಲ. ಉಳಲು ಎತ್ತಿಲ್ಲ, ಹಾಕಲು ಗೊಬ್ಬರವಿಲ್ಲ; ಹೊಲ ಬೀಳುಬಿತ್ತು. ಅದೇ ಹೊತ್ತಿಗೆ, 1983ರಿಂದ, ಎನ್.ಟಿ. ರಾಮರಾವ್ ಸರ್ಕಾರದ ಎರಡು ರೂಪಾಯಿ ಕಿಲೋ ಅಕ್ಕಿ ಬಂತು. ಹಸಿದ ಹೊಟ್ಟೆಗೆ ಅದು ಆಸರೆಯೇ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಎಲ್ಲೋ ಕಾಲುವೆ ನೀರಿನ ಗದ್ದೆಯಲ್ಲಿ ಬೆಳೆದ ಅಕ್ಕಿ ಅಗ್ಗವಾಗಿ ಸಿಗುವಾಗ ಮಳೆ ನಂಬಿದ ಹೊಲದಲ್ಲಿ ಜೋಳ, ನವಣೆ ಬಿತ್ತುವವರು ಯಾರು? ತಟ್ಟೆಯಿಂದ ರೊಟ್ಟಿ ಹೋಯಿತು, ಹೊಲದಿಂದ ಜೋಳ ಹೋಯಿತು, ಜೋಳದ ಜೊತೆಗೆ ದನದ ಮೇವು ಹೋಯಿತು, ಮೇವಿನ ಹಿಂದೆ ದನ, ದನದ ಹಿಂದೆ ಗೊಬ್ಬರ, ಕೂಲಿ. ಬೀಳು ಹೊಲ ಮತ್ತು ರೇಷನ್ ಅಂಗಡಿ ಎರಡು ಬೇರೆ ಇಲಾಖೆಗಳ ವಿಷಯ ಎಂದು ನಾವು ತಿಳಿದಿದ್ದೇವೆ. ಇವೆರಡೂ ಒಂದೇ ಹಗ್ಗದ ಎರಡು ತುದಿ ಎಂದು ಕಂಡುಕೊಂಡದ್ದು ಈ ಹೆಣ್ಣುಮಕ್ಕಳ ದೊಡ್ಡ ತಿಳಿವಳಿಕೆ ಎಂದು ನನ್ನ ಎಣಿಕೆ.

ಅವರು ಮಾಡಿದ ಏರ್ಪಾಡು ಸರಳ. ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯದಿಂದ ಬಂದ ಹಣವನ್ನು ಸಂಘಗಳು ಬೀಳು ಹೊಲದವರಿಗೆ ಸಾಲವಾಗಿ ಕೊಟ್ಟವು: ಉಳುಮೆಗೆ, ತಿಪ್ಪೆಗೊಬ್ಬರಕ್ಕೆ, ಬೀಜಕ್ಕೆ, ಕಳೆ ಕೀಳಲು. ತೀರಿಸಬೇಕಾದದ್ದು ದುಡ್ಡಿನಲ್ಲಲ್ಲ, ಜೋಳದಲ್ಲಿ, ವರ್ಷವರ್ಷಕ್ಕೂ ಒಂದಿಷ್ಟರಂತೆ ಐದು ವರ್ಷ. ಸಾಲ ಪಡೆದವರ ಹೊಲದಲ್ಲಿ ಉಳುಮೆ ಆಯಿತೇ, ಗೊಬ್ಬರ ಬಿತ್ತೇ ಎಂದು ಹೋಗಿ ನೋಡುವವರು ಸಂಘದ ಸಮಿತಿಯ ಹೆಣ್ಣುಮಕ್ಕಳೇ. ಹಾಗೆ ಬಂದ ಜೋಳ ಊರಲ್ಲೇ ಸಂಗ್ರಹವಾಯಿತು. ಮಳೆಗಾಲದಲ್ಲಿ ಹಳೆಯ ಕಾಳು ಮುಗಿದು, ಹೊಸ ಪೈರು ಇನ್ನೂ ಹಸಿರಾಗಿಯೇ ನಿಂತಿರುವ ತಿಂಗಳುಗಳಲ್ಲಿ ಅದು ಬಡವರ ಮನೆಗೆ ಅಗ್ಗದ ದರದಲ್ಲಿ ಹೋಯಿತು. ಮಾರಿ ಬಂದ ದುಡ್ಡು ಮತ್ತೆ ನಿಧಿಗೆ. ಸಾವಿರಾರು ಎಕರೆ ಬೀಳು ನೆಲ ಮತ್ತೆ ನೇಗಿಲು ಕಂಡಿತು.

ನಮ್ಮ ರಾಜ್ಯದಲ್ಲೂ ದಕ್ಷಿಣದ ಜಿಲ್ಲೆಗಳಲ್ಲಿ ರಾಗಿಯನ್ನು, ಉತ್ತರದಲ್ಲಿ ಜೋಳವನ್ನು ಬೆಂಬಲ ಬೆಲೆಗೆ ಕೊಂಡು ಪಡಿತರಕ್ಕೆ ಕೊಡುವ ಕ್ರಮ ಇದೆ. ಒಳ್ಳೆಯ ಹೆಜ್ಜೆ. ಆದರೆ ಆ ಕಾಳು ಊರು ಬಿಟ್ಟು ಗೋದಾಮು ಸೇರಿ, ಲಾರಿ ಹತ್ತಿ, ಚೀಲವಾಗಿ ತಿರುಗಿ ಬರುತ್ತದೆ. ಜಹೀರಾಬಾದಿನ ಸಂಘಗಳ ಜೋಳ ಊರು ಬಿಟ್ಟು ಹೋಗಲೇ ಇಲ್ಲ. ಯಾವ ಕಾಳು, ಯಾರಿಗೆ, ಯಾವಾಗ, ಎಷ್ಟಕ್ಕೆ ಎಂಬ ನಾಲ್ಕೂ ಮಾತು ಬಿತ್ತುವವರ ಬಾಯಲ್ಲೇ ಉಳಿಯಿತು. ನ್ಯಾಯ ಎಂಬ ಪದಕ್ಕೆ ಊಟದ ವಿಷಯದಲ್ಲಿ ಇದಕ್ಕಿಂತ ಹತ್ತಿರದ ಅರ್ಥ ನನಗೆ ತಿಳಿಯದು.

ಬಿತ್ತನೆಯ ರೀತಿಯೂ ಅಷ್ಟೇ. ಜೋಳ ಒಂದನ್ನೇ ಅಲ್ಲ. ಅದೇ ಹೊಲದಲ್ಲಿ ತೊಗರಿ, ಹೆಸರು, ಉದ್ದು, ಅಲಸಂದಿ, ಎಳ್ಳು, ಪುಂಡಿ, ನವಣೆ. ಹತ್ತು ಹದಿನೈದು ಬೆಳೆ ಒಂದೇ ಎಕರೆಯಲ್ಲಿ. ಹಳೆಯ ಮೈಸೂರಿನ ರೈತರು ಅಕ್ಕಡಿ ಎನ್ನುವ ಪದ್ಧತಿಯ ಬಂಧುವೇ ಇದು. ಮಳೆ ಮುಂದೆ ಹೋದರೆ ಒಂದು ಬೆಳೆ ಕೈಕೊಡಬಹುದು, ಎಲ್ಲವೂ ಕೈಕೊಡುವುದಿಲ್ಲ. ನಡುವೆ ತಾನಾಗಿ ಹುಟ್ಟುವ ಸೊಪ್ಪುಗಳನ್ನು ಇವರು ಕಳೆ ಎಂದು ಎಸೆಯುವುದಿಲ್ಲ, ಪಲ್ಯಕ್ಕೆ ಕೀಳುತ್ತಾರೆ. ರಾಸಾಯನಿಕ ಸಿಂಪಡಿಸಿದ ಹೊಲದಲ್ಲಿ ಆ ಸೊಪ್ಪೂ ಇಲ್ಲ, ಅದನ್ನು ಗುರುತಿಸುವ ಕಣ್ಣೂ ಉಳಿಯುವುದಿಲ್ಲ.

2008ರ ಅಕ್ಟೋಬರ್‌ನಲ್ಲಿ ಇದೇ ಸೀಮೆಯ ಮಾಚನೂರಿನಿಂದ ಈ ಸಂಘಗಳದೇ ಸಂಘಂ ರೇಡಿಯೊ ಶುರುವಾಯಿತು. ನಡೆಸುವವರು ದಲಿತ ಹೆಣ್ಣುಮಕ್ಕಳು. ಹೊಲದ ಹಾಡು, ಬೀಜದ ಮಾತು, ಅಡುಗೆ, ಔಷಧಿ ಎಲ್ಲ ತಮ್ಮ ತೆಲುಗಿನಲ್ಲೇ. ಬೇರೆ ಕೆಲವರು ಕ್ಯಾಮೆರಾ ಕಲಿತು ತಮ್ಮ ಬೇಸಾಯದ ಚಿತ್ರಗಳನ್ನು ತಾವೇ ತೆಗೆದರು. 2019ರಲ್ಲಿ ಸೊಸೈಟಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು.

2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಅಕ್ಕಿ, ಗೋಧಿಯ ಜೊತೆ ಕಿಲೋಗೆ ಒಂದು ರೂಪಾಯಿಯಂತೆ ಜೋಳ, ನವಣೆಯಂಥ ಧಾನ್ಯಗಳಿಗೂ ಜಾಗ ಸಿಕ್ಕಿತು. ಅದಕ್ಕಾಗಿ ದನಿಯೆತ್ತಿದವರಲ್ಲಿ ಸತೀಶ್ ಕಟ್ಟಿದ ಸಿರಿಧಾನ್ಯ ಜಾಲವೂ ಇತ್ತು. ಕಾಯ್ದೆ ಅವನ್ನು ಕರೆದದ್ದು ‘ಒರಟು ಧಾನ್ಯ’ ಎಂದು. ತಲೆತಲಾಂತರ ಈ ನಾಡನ್ನು ಸಾಕಿದ ಕಾಳಿಗೆ ಆ ಹೆಸರು ಕೇಳಿದರೆ ಇವತ್ತಿಗೂ ಸಂಕಟವಾಗುತ್ತದೆ. ಜಗತ್ತೇ ಸಿರಿಧಾನ್ಯ ವರ್ಷ ಆಚರಿಸುತ್ತಿದ್ದ 2023ರ ಮಾರ್ಚ್‌ನಲ್ಲಿ ಸತೀಶ್ ತೀರಿಕೊಂಡರು. ಆ ಹೊತ್ತಿಗೆ ನಗರದ ಅಂಗಡಿಗಳಲ್ಲಿ ನವಣೆ, ಸಾಮೆಗಳ ಬೆಲೆ ಅವನ್ನು ಬೆಳೆಯುವವರ ಕೈಗೆ ಎಟುಕದಷ್ಟು ಏರಿತ್ತು.

ಸಂಘಗಳಲ್ಲಿ ಬೀಜಕ್ಕೆ ಮಾತ್ರ ಬೆಲೆ ಕಟ್ಟುವುದಿಲ್ಲ. ತೆನೆ ಹೊಲದಲ್ಲಿರುವಾಗಲೇ ಒಳ್ಳೆಯದನ್ನು ಆರಿಸಿ, ಒಣಗಿಸಿ, ಬೂದಿ ಮತ್ತು ಬೇವಿನೆಲೆ ಬೆರೆಸಿ, ಬುಟ್ಟಿ ಗಡಿಗೆಗಳಲ್ಲಿ ಇಡುತ್ತಾರೆ. ಸಂಕ್ರಾಂತಿ ಬಂತೆಂದರೆ ಆ ಬೀಜಗಳನ್ನು ಸಿಂಗರಿಸಿದ ಎತ್ತಿನ ಗಾಡಿಗಳಲ್ಲಿ ಹೇರಿ ಊರೂರಿಗೆ ಜಾತ್ರೆ ಒಯ್ಯುತ್ತಾರೆ. ಬೀಜ ಬೇಕಾದವಳು ಬಂದು ಕೇಳಿದರೆ ಅಳೆದು ಕೊಡುತ್ತಾರೆ. ಒಂದು ಸೇರು ಒಯ್ದವಳು ಸುಗ್ಗಿ ಮುಗಿದ ಮೇಲೆ ಎರಡು ಸೇರು ತಂದು ಹಾಕಬೇಕು.