ಕನ್ನಡ ಹೆಸರಿನ ಚಿತ್ರಗಳ ಕಿರುಕೊಂಡಿ

ಕನ್ನಡ ಹೆಸರಿನ ಚಿತ್ರಗಳ ಕಿರುಕೊಂಡಿ ಎಂದರೆ, ಕನ್ನಡ ಲಿಪಿಯಲ್ಲಿ ಹೆಸರಿಸಲಾದ ಚಿತ್ರಕಡತವೊಂದನ್ನು ಕಡಿಮೆ ಚಿಹ್ನೆಗಳಲ್ಲಿ ತಲುಪಿಸುವ ಪರ್ಯಾಯ ಜಾಲವಿಳಾಸ. ಮೊಬೈಲ್ ಸಂದೇಶ, ವಿಕಿಪೀಡಿಯ ಸದಸ್ಯರ ಸಹಿ ಮುಂತಾದ ಚಿಹ್ನೆಮಿತಿಯುಳ್ಳ ಸ್ಥಳಗಳಲ್ಲಿ ಇದರ ಅಗತ್ಯ ಬೀಳುತ್ತದೆ. ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನ ‘ಇಂದೂರ’ ಎಂಬ ಊರಿನ ಹೆಸರು ಓದುಗರಿಗೆ ಮೂರು ಅಕ್ಷರಗಳಾಗಿ ಕಾಣುತ್ತದೆ. ಜಾಲವಿಳಾಸದೊಳಗೆ ಅದೇ ಹೆಸರು 45 ಚಿಹ್ನೆಗಳಾಗಿ ಹಿಗ್ಗುತ್ತದೆ. ಈ ಹಿಗ್ಗುವಿಕೆಗೆ ಕನ್ನಡ ಲಿಪಿಯಲ್ಲಿನ ದೋಷ ಕಾರಣವಲ್ಲ, ವಿಳಾಸಗಳನ್ನು ಬರೆಯುವ ಪದ್ಧತಿ ಕಾರಣ.

ವಿಳಾಸ ಉದ್ದವಾಗುವ ಬಗೆ

ಕನ್ನಡವು 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಿಂದಲೇ ಆ ಶಿಷ್ಟತೆಯ ಭಾಗವಾಗಿದೆ. ಅದರಲ್ಲಿ ಸ್ವರ, ವ್ಯಂಜನ, ಸ್ವರಚಿಹ್ನೆ, ಅನುಸ್ವಾರ ಹಾಗೂ ವಿರಾಮಚಿಹ್ನೆಗಳಿಗೆ (್) ಪ್ರತ್ಯೇಕ ಸಂಕೇತಗಳಿವೆ. ಆದ್ದರಿಂದ ‘ಇಂದೂರ’ ಎಂಬುದು ಇ, ಅನುಸ್ವಾರ, ದ, ಊಕಾರದ ಚಿಹ್ನೆ ಮತ್ತು ರ ಎಂಬ ಐದು ಸಂಕೇತಗಳ ಸರಣಿ.

ಈ ಸಂಕೇತಗಳನ್ನು ಜಾಲದಲ್ಲಿ ಸಾಮಾನ್ಯವಾಗಿ ಯುಟಿಎಫ್-8 ಕ್ರಮದಲ್ಲಿ ಸಾಗಿಸಲಾಗುತ್ತದೆ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಈ ಕ್ರಮದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. 2048ರಿಂದ 65535ರವರೆಗಿನ ಸಂಕೇತಗಳಿಗೆ ಮೂರು ಬೈಟ್‌ಗಳು ಬೇಕು. ಕನ್ನಡದ ಸಂಕೇತಗಳು 3200ರಿಂದ ಆರಂಭವಾಗುವುದರಿಂದ ಪ್ರತಿಯೊಂದೂ ಮೂರು ಬೈಟ್‌ಗಳನ್ನು ಪಡೆಯುತ್ತದೆ. ಉದಾಹರಣೆಗೆ ‘ಇ’ ಸ್ವರದ ಬೈಟ್‌ಗಳು 224, 178, 135. ಕನ್ನಡದ ಎಲ್ಲ ಸಂಕೇತಗಳಲ್ಲಿಯೂ ಮೊದಲ ಬೈಟ್ 224 ಆಗಿರುತ್ತದೆ. ಎರಡನೆಯದು 178 ಅಥವಾ 179. ಉದ್ದ ವಿಳಾಸಗಳಲ್ಲಿ ಒಂದೇ ಬಗೆಯ ತುಣುಕುಗಳು ಮತ್ತೆ ಮತ್ತೆ ಕಾಣಿಸುವುದಕ್ಕೆ ಇದೇ ಕಾರಣ.

ಜಾಲವಿಳಾಸದ ಮೂಲ ನಿಯಮವು ಇಂಗ್ಲಿಷ್ ಅಕ್ಷರ, ಅಂಕಿ ಹಾಗೂ ಕೆಲವು ಗುರುತುಗಳನ್ನು ಮಾತ್ರ ಒಪ್ಪುತ್ತದೆ. ಉಳಿದ ಪ್ರತಿ ಬೈಟನ್ನೂ ಒಂದು ಶೇಕಡಾ ಗುರುತು ಮತ್ತು ಎರಡು ಷೋಡಶಮಾನ ಅಂಕಿಗಳಿಂದ, ಅಂದರೆ ಮೂರು ಚಿಹ್ನೆಗಳಿಂದ, ಬರೆಯಬೇಕು. ಹೀಗೆ ಒಂದು ಕನ್ನಡ ಸಂಕೇತವು ಒಂಬತ್ತು ಚಿಹ್ನೆಗಳಾಗುತ್ತದೆ. ಒತ್ತಕ್ಷರಗಳಲ್ಲಿ ಈ ಹಿಗ್ಗುವಿಕೆ ಇನ್ನೂ ಹೆಚ್ಚು: ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಆರು ಸಂಕೇತಗಳಿದ್ದು, ವಿಳಾಸದಲ್ಲಿ ಅದು 54 ಚಿಹ್ನೆಗಳನ್ನು ಆಕ್ರಮಿಸುತ್ತದೆ.

2005ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ವಿಳಾಸಗಳ ಶಿಷ್ಟತೆಯು ಇತರ ಲಿಪಿಗಳನ್ನು ನೇರವಾಗಿ ಬರೆಯಲು ಅವಕಾಶ ನೀಡಿತು. ಇದರಿಂದ ಇಂದಿನ ಜಾಲವೀಕ್ಷಕಗಳ ವಿಳಾಸಪಟ್ಟಿಯಲ್ಲಿ ಕನ್ನಡ ಹೆಸರು ಕನ್ನಡದಲ್ಲಿಯೇ ಕಾಣುತ್ತದೆ. ಆದರೆ ಅದನ್ನು ನಕಲಿಸಿ ಬೇರೆಡೆ ಅಂಟಿಸಿದಾಗ ಹಲವು ವೇಳೆ ಶೇಕಡಾ ಗುರುತುಗಳ ಉದ್ದ ರೂಪವೇ ಬರುತ್ತದೆ.

ಚಿಹ್ನೆಮಿತಿಗಳು

ಮೊಬೈಲ್ ಕಿರುಸಂದೇಶವೊಂದರ ಗಾತ್ರ 140 ಬೈಟ್‌ಗಳು. ಮೂಲ ಇಂಗ್ಲಿಷ್ ವರ್ಣಮಾಲೆಯಲ್ಲಿ ಇದು 160 ಚಿಹ್ನೆಗಳಿಗೆ ಸಮ. ಯೂನಿಕೋಡ್ ಕ್ರಮದ ಸಂದೇಶದಲ್ಲಿ ಒಂದು ಕನ್ನಡ ಸಂಕೇತ ಸೇರಿದರೂ ಇಡೀ ಸಂದೇಶದ ಮಿತಿ 70ಕ್ಕೆ ಇಳಿಯುತ್ತದೆ. ಕನ್ನಡ ವಿಕಿಪೀಡಿಯದಲ್ಲಿ ‘ಇಂದೂರ’ ಎಂಬ ಶೀರ್ಷಿಕೆಯ ಪುಟದ ಪೂರ್ಣ ವಿಳಾಸವು ಶೇಕಡಾ ರೂಪದಲ್ಲಿ 75 ಚಿಹ್ನೆಗಳಾಗುತ್ತದೆ. ಅಂದರೆ ಕನ್ನಡ ಸಂದೇಶವೊಂದರಲ್ಲಿ ಈ ಕೊಂಡಿಗೇ ಸ್ಥಳ ಸಾಲದು.

ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದಲ್ಲಿ ಸದಸ್ಯರ ಸಹಿಗೆ ಸಾಮಾನ್ಯವಾಗಿ 255 ಚಿಹ್ನೆಗಳ ಮಿತಿಯಿದೆ. ಇಲ್ಲಿ ಚದರ ಆವರಣಗಳ ಒಳಕೊಂಡಿಯನ್ನು ಬಳಸಿದರೆ ಪ್ರತಿ ಕನ್ನಡ ಸಂಕೇತ ಒಂದಾಗಿ ಎಣಿಕೆಯಾಗುತ್ತದೆ; ಪೂರ್ಣ ವಿಳಾಸವನ್ನು ಅಂಟಿಸಿದರೆ ಒಂಬತ್ತಾಗಿ. ಇದೇ ತಂತ್ರಾಂಶದಲ್ಲಿ ಪುಟದ ಶೀರ್ಷಿಕೆಯ ಮಿತಿಯನ್ನು ಬೈಟ್‌ಗಳಲ್ಲಿ ನಿಗದಿಪಡಿಸಲಾಗಿದೆ. ಆ ಮಿತಿ 255 ಬೈಟ್‌ಗಳಾದ್ದರಿಂದ ಕನ್ನಡ ಶೀರ್ಷಿಕೆಯಲ್ಲಿ 85 ಸಂಕೇತಗಳಿಗೆ ಮಾತ್ರ ಅವಕಾಶವಿದೆ. ಎಕ್ಸ್ (ಹಿಂದಿನ ಟ್ವಿಟರ್) ತಾಣವು ಕೊಂಡಿ ಎಷ್ಟೇ ಉದ್ದವಿದ್ದರೂ ಅದನ್ನು 23 ಚಿಹ್ನೆಗಳೆಂದೇ ಲೆಕ್ಕಹಾಕುವುದರಿಂದ ಅಲ್ಲಿ ಈ ತೊಡಕು ಉಂಟಾಗುವುದಿಲ್ಲ.

ಚಿತ್ರಕೊಂಡಿಯ ರೂಪಗಳು

2004ರಲ್ಲಿ ಆರಂಭವಾದ ವಿಕಿಮೀಡಿಯ ಕಾಮನ್ಸ್ ಮುಕ್ತ ಪರವಾನಗಿಯ ಚಿತ್ರಗಳ ಭಂಡಾರ. ಅದರಲ್ಲಿರುವ ಒಂದೇ ಚಿತ್ರವನ್ನು ಹಲವು ವಿಳಾಸಗಳಿಂದ ತಲುಪಬಹುದು. ಚಿತ್ರವೊಂದರ ಹೆಸರು ‘ಇಂದೂರ’ ಎಂದೂ, ಅದರ ಕೊನೆಗೆ ಚುಕ್ಕಿ ಸೇರಿ ನಾಲ್ಕು ಚಿಹ್ನೆಗಳ ‘.ಜೆಪಿಜಿ’ ವಿಸ್ತರಣೆ ಇದೆಯೆಂದೂ ಭಾವಿಸಿದರೆ, ಕೊಂಡಿಗಳ ಉದ್ದ ಹೀಗಿರುತ್ತದೆ:

• 250 ಪಿಕ್ಸೆಲ್ ಅಗಲದ ಕಿರುಚಿತ್ರದ ನೇರ ಕೊಂಡಿ – 163 ಚಿಹ್ನೆಗಳು
• ‘ಸ್ಪೆಷಲ್:ಫೈಲ್‌ಪಾತ್’ ಮೂಲಕ ಪಡೆಯುವ ಕೊಂಡಿ – 101 ಚಿಹ್ನೆಗಳು
• ಚಿತ್ರದ ಕಡತಪುಟದ ಕೊಂಡಿ – 89 ಚಿಹ್ನೆಗಳು
• ಒಂಬತ್ತು ಅಂಕಿಗಳ ಪುಟಸಂಖ್ಯೆಯನ್ನು ಆಧರಿಸಿದ ಕೊಂಡಿ – 46 ಚಿಹ್ನೆಗಳು
• ವಿಕಿಮೀಡಿಯದ ಕಿರುಕೊಂಡಿ – ಸುಮಾರು 20 ಚಿಹ್ನೆಗಳು

ಮೊದಲನೆಯದು ಅತಿ ಉದ್ದವಾಗಲು ಕಾರಣ, ಕಿರುಚಿತ್ರದ ವಿಳಾಸದಲ್ಲಿ ಕಡತದ ಹೆಸರು ಎರಡು ಬಾರಿ ಬರುವುದು. ಮೂರಕ್ಷರದ ಹೆಸರಿದ್ದರೂ ಅದು ಇಂಗ್ಲಿಷ್ ಕಿರುಸಂದೇಶದ 160ರ ಮಿತಿಯನ್ನೂ ಮೀರುತ್ತದೆ. ಫೈಲ್‌ಪಾತ್ ವಿಧಾನದಲ್ಲಿ ಹೆಸರು ಒಮ್ಮೆ ಮಾತ್ರ ಬರುತ್ತದೆ. ಪುಟಸಂಖ್ಯೆಯ ಕೊಂಡಿಯಲ್ಲಿ ಹೆಸರೇ ಇರುವುದಿಲ್ಲ. ಹೀಗಾಗಿ ಕಡತವನ್ನು ಮರುಹೆಸರಿಸಿದರೂ ಅದೇ ಸಂಖ್ಯೆ ಮುಂದುವರಿಯುತ್ತದೆ.

ಕಿರುಕೊಂಡಿ ಸೇವೆಗಳು

ಉದ್ದ ವಿಳಾಸಕ್ಕೆ ಬದಲಾಗಿ ಚಿಕ್ಕ ವಿಳಾಸವನ್ನು ನೀಡುವ ಟೈನಿಯುಆರ್‌ಎಲ್ ಸೇವೆ 2002ರಲ್ಲಿ ಆರಂಭವಾಯಿತು. ಇಂತಹ ಸೇವೆಯು ಚಿಕ್ಕ ವಿಳಾಸ ಮತ್ತು ಉದ್ದ ವಿಳಾಸಗಳ ಜೋಡಿಯನ್ನು ತನ್ನ ದತ್ತಸಂಚಯದಲ್ಲಿ ಇರಿಸಿಕೊಂಡು, ಓದುಗರನ್ನು ಮೂಲಪುಟಕ್ಕೆ ಕಳುಹಿಸುತ್ತದೆ. ಆ ಸೇವೆ ನಿಂತರೆ ಮೂಲಚಿತ್ರ ಸುರಕ್ಷಿತವಾಗಿದ್ದರೂ ಕೊಂಡಿ ನಿರುಪಯುಕ್ತವಾಗುತ್ತದೆ. ಗೂಗಲ್ ಸಂಸ್ಥೆ 2009ರಲ್ಲಿ ಆರಂಭಿಸಿದ ಕಿರುಕೊಂಡಿ ಸೇವೆಯು 2019ರಲ್ಲಿ ಹೊಸ ಕೊಂಡಿಗಳನ್ನು ನೀಡುವುದನ್ನು ನಿಲ್ಲಿಸಿತು.

ವಿಕಿಮೀಡಿಯ ಪ್ರತಿಷ್ಠಾನದ ‘ಡಬ್ಲ್ಯು.ವಿಕಿ’ ಸೇವೆ 2019ರಲ್ಲಿ ಬಳಕೆಗೆ ಬಂದಿತು. ಇದು ವಿಕಿಮೀಡಿಯ ಯೋಜನೆಗಳ ವಿಳಾಸಗಳನ್ನು ಮಾತ್ರ ಚಿಕ್ಕದಾಗಿಸುತ್ತದೆ. ಚಿತ್ರವನ್ನೂ ಕೊಂಡಿಯನ್ನೂ ಒಂದೇ ಸಂಸ್ಥೆ ಕಾಯ್ದುಕೊಳ್ಳುವುದರಿಂದ ಹೊರಗಿನ ಮಧ್ಯವರ್ತಿಯ ಅವಲಂಬನೆ ತಪ್ಪುತ್ತದೆ. ಅಪರಿಚಿತ ಕಿರುಕೊಂಡಿಗಳು ಎತ್ತ ಕೊಂಡೊಯ್ಯುತ್ತವೆ ಎಂಬ ಸಂದೇಹವೂ ಇಲ್ಲಿ ಕಡಿಮೆ.

ಸೂಕ್ತ ಕೊಂಡಿಯ ಆಯ್ಕೆ

ಉದ್ದವೊಂದೇ ಆಯ್ಕೆಯ ಮಾನದಂಡವಲ್ಲ. ಚಿತ್ರಕ್ಕೆ ನೇರವಾಗಿ ಒಯ್ಯುವ ಕೊಂಡಿಯಲ್ಲಿ ಚಿತ್ರ ಮಾತ್ರ ಕಾಣುತ್ತದೆ. ಛಾಯಾಗ್ರಾಹಕರ ಹೆಸರು, ಪರವಾನಗಿ, ತೆಗೆದ ಸ್ಥಳ ಮತ್ತು ದಿನಾಂಕಗಳು ಕಡತಪುಟದಲ್ಲಿರುತ್ತವೆ. ಕಾಮನ್ಸ್‌ನ ಅನೇಕ ಚಿತ್ರಗಳು ಕರ್ತೃವಿನ ಹೆಸರನ್ನು ಉಲ್ಲೇಖಿಸಬೇಕೆಂಬ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಲ್ಲಿವೆ. ಆದ್ದರಿಂದ ಚಿತ್ರದ ಕಿರುಕೊಂಡಿಯನ್ನು ಕೋರುವವರು ಅಥವಾ ನೀಡುವವರು ನೇರ ಚಿತ್ರದ ಬದಲು ಕಡತಪುಟದ ವಿಳಾಸವನ್ನೇ ಕಿರಿದುಗೊಳಿಸುವುದು ಉಚಿತ.

ಕೊಂಡಿ ಚಿಕ್ಕದಾಗಲೆಂದು ಊರಿನ ಹೆಸರನ್ನು ಕೇವಲ ಇಂಗ್ಲಿಷ್ ಲಿಪಿಯಲ್ಲಿ ಬರೆಯುವ ರೂಢಿಯೂ ಇದೆ. ಅದರಿಂದ ಸ್ಥಳ ಉಳಿದರೂ ನಿಖರತೆ ಕುಂದಬಹುದು: ಉತ್ತರ ಕನ್ನಡದ ಇಂದೂರ ಮತ್ತು ಮಧ್ಯಪ್ರದೇಶದ ಇಂದೋರ್ ಊರುಗಳ ಹೆಸರುಗಳು ಇಂಗ್ಲಿಷ್ ಬರಹದಲ್ಲಿ ಒಂದಕ್ಕೊಂದು ಹತ್ತಿರವಾಗುತ್ತವೆ. ಕಡತಕ್ಕೆ ಕನ್ನಡ ಹೆಸರನ್ನು ಉಳಿಸಿಕೊಂಡು, ತಾಲ್ಲೂಕು ಹಾಗೂ ಜಿಲ್ಲೆಗಳನ್ನು ವಿವರಣೆಯಲ್ಲಿ ನಮೂದಿಸಿ, ಹಂಚಿಕೊಳ್ಳುವಾಗ ಮಾತ್ರ ಕಿರುಕೊಂಡಿಯನ್ನು ಬಳಸಿದರೆ ಹುಡುಕುವವರಿಗೆ ಹೆಸರೂ ಕಳುಹಿಸುವವರಿಗೆ ಸ್ಥಳವೂ ಉಳಿಯುತ್ತವೆ.