ಕ್ಷಾಮದ ಹಸಿವಿಗೆ ಅಳತೆಯ ಆಹಾರ

ಹಸಿದವರಿಗೆ ಅನ್ನವಿಕ್ಕುವುದು ದೊಡ್ಡ ಪುಣ್ಯವೆಂದು ಹಿರಿಯರು ಹೇಳುತ್ತಾರೆ. ನಿಜ. ಆದರೆ ವಾರಗಟ್ಟಲೆ ಅನ್ನ ಕಾಣದೆ ಸೊರಗಿದ ಮಗುವಿಗೆ ಒಮ್ಮೆಲೇ ಹೊಟ್ಟೆ ಬಿರಿಯೆ ಉಣಿಸಿದರೆ ಅದರ ಪ್ರಾಣಕ್ಕೇ ಅಪಾಯವಾದೀತೆಂಬುದು ಅನೇಕರಿಗೆ ತಿಳಿಯದು.

2011ರಲ್ಲಿ ಆಫ್ರಿಕದ ಸೊಮಾಲಿಯಾದ ದಕ್ಷಿಣ ಭಾಗದಲ್ಲಿ ಭೀಕರ ಕ್ಷಾಮ ತಲೆದೋರಿತು. ಮಳೆ ಕೈಕೊಟ್ಟಿತ್ತು, ಧಾನ್ಯದ ಬೆಲೆ ಗಗನಕ್ಕೇರಿತ್ತು, ಅಂತರ್ಯುದ್ಧದಿಂದಾಗಿ ನೆರವು ಹಳ್ಳಿಗಳನ್ನು ತಲುಪುವುದೇ ದುಸ್ತರವಾಗಿತ್ತು. ಸುಮಾರು 2 ಲಕ್ಷ 60 ಸಾವಿರ ಮಂದಿ ಸತ್ತರೆಂದು ಅಂದಾಜು. ಅವರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು. ಇಂಥ ಕ್ಷಾಮದಲ್ಲಿ ಕೊಲ್ಲುವುದು ಹಸಿವೊಂದೇ ಅಲ್ಲ. ರೋಗನಿರೋಧಕ ಶಕ್ತಿ ಕುಗ್ಗಿದ ದೇಹಕ್ಕೆ ದಡಾರ, ಭೇದಿ, ನ್ಯುಮೋನಿಯಾಗಳೂ ಮೃತ್ಯುವಾಗುತ್ತವೆ. ಆದ್ದರಿಂದ ಪರಿಹಾರ ಶಿಬಿರದಲ್ಲಿ ಆಹಾರದ ಜೊತೆಗೆ ಶುದ್ಧ ನೀರು, ಲಸಿಕೆ ಎರಡೂ ಇರಲೇಬೇಕು.

ದೇಹದಲ್ಲಿ ಆಗುವುದೇನು?

ಆಹಾರ ಸಿಗದಾಗ ದೇಹವು ತನ್ನ ಕೊಬ್ಬನ್ನೂ ಮಾಂಸಖಂಡಗಳನ್ನೂ ಕರಗಿಸಿ ಬದುಕುತ್ತದೆ. ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳ ದಾಸ್ತಾನು ಬರಿದಾಗುತ್ತದೆ. ಆಗ ಏಕಾಏಕಿ ಯಥೇಚ್ಛವಾಗಿ ಅನ್ನ, ಸಕ್ಕರೆ ಕೊಟ್ಟರೆ ಇನ್ಸುಲಿನ್ ಏರಿ, ರಕ್ತದಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಲವಣವೂ ಜೀವಕೋಶಗಳೊಳಗೆ ಸೇರಿಬಿಡುತ್ತದೆ. ಹೃದಯ ಬಡಿತ ಲಯ ತಪ್ಪಬಹುದು, ಉಸಿರಾಟದ ಸ್ನಾಯುಗಳು ಸೋಲಬಹುದು.

ಚಿಕಿತ್ಸೆ ಹೇಗೆ?

ಆರು ತಿಂಗಳಿಂದ ಐದು ವರ್ಷದ ಮಗುವಿನ ಮೇಲ್ತೋಳಿನ ಸುತ್ತಳತೆ 115 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವಿಗೆ ಸೋಂಕು ತಗಲಿ ತಿನ್ನುವ ಇಚ್ಛೆಯೂ ಇಲ್ಲವಾದರೆ ಆಸ್ಪತ್ರೆಯಲ್ಲಿಟ್ಟು, 100 ಮಿಲಿಲೀಟರ್‌ಗೆ 75 ಕ್ಯಾಲೊರಿಯಿರುವ ತೆಳು ಹಾಲಿನ ಆಹಾರವನ್ನು ಎರಡು ಮೂರು ಗಂಟೆಗೊಮ್ಮೆ, ರಾತ್ರಿಯಲ್ಲೂ, ಸ್ವಲ್ಪ ಸ್ವಲ್ಪವೇ ಕೊಡುತ್ತಾರೆ. ಚೇತರಿಸಿಕೊಂಡ ಮೇಲೆ ಹೆಚ್ಚಿನ ಶಕ್ತಿಯ ಆಹಾರ.

ಬೇರೆ ತೊಡಕಿಲ್ಲದ, ತಿನ್ನಬಲ್ಲ ಮಗುವಿಗೆ ಶೇಂಗಾ, ಹಾಲಿನಪುಡಿ, ಸಕ್ಕರೆ, ಎಣ್ಣೆ, ಜೀವಸತ್ವ ಹಾಗೂ ಲವಣಗಳನ್ನು ಬೆರೆಸಿದ ಲೇಹದಂಥ ಆಹಾರವುಂಟು. 92 ಗ್ರಾಂ ಪೊಟ್ಟಣದಲ್ಲಿ 500 ಕ್ಯಾಲೊರಿ. ಇದನ್ನು ಬೇಯಿಸಬೇಕಿಲ್ಲ, ನೀರು ಬೆರೆಸಬೇಕಿಲ್ಲ. ಹೀಗಾಗಿ ಕೊಳಕು ನೀರಿನಿಂದ ಆಹಾರ ಕೆಡುವ ಭಯವಿಲ್ಲ. ತಾಯಿ ಮನೆಯಲ್ಲೇ ತಿನ್ನಿಸಬಹುದು. ಕುಡಿಯಲು ಮಾತ್ರ ಶುದ್ಧ ನೀರು ಬೇಕೇ ಬೇಕು.

ಈ ಮಾತು ನಮ್ಮ ಮನೆಗಳಿಗೂ ಅನ್ವಯಿಸುತ್ತದೆ. ದೀರ್ಘ ಕಾಯಿಲೆಯಿಂದಲೋ ಕಠಿಣ ಉಪವಾಸದಿಂದಲೋ ಹತ್ತು ದಿನ ಬಹುತೇಕ ಏನೂ ತಿನ್ನದ ವೃದ್ಧರಿದ್ದರೆ, ಎದ್ದು ಕೂತರೆಂಬ ಸಂತೋಷಕ್ಕೆ ಒಮ್ಮೆಗೇ ಭರ್ಜರಿ ಊಟ ಬಡಿಸಬೇಡಿ. ಮೊದಲು ವೈದ್ಯರಿಗೆ ತೋರಿಸಿ. ಅವರು ಹೇಳಿದ ಪ್ರಮಾಣದಲ್ಲಿ ಆರಂಭಿಸಿ, ದಿನದಿನಕ್ಕೆ ಹೆಚ್ಚಿಸಿ.